ಹುಕ್ರಪ್ಪನ ಪ್ಲೇಟು

ಹುಕ್ರಪ್ಪ ಕುಡಿದು ಸ್ವರ ಕಳೆದುಕೊಂಡ ಎಂದು ಬಂಟ್ವಾಳದ ಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅವನು ಕುಡಿಯುತ್ತಿದ್ದದ್ದು ಹೌದು, ಜೊತೆಗೆ ಕೂತು ನಾನೂ ಕುಡಿದಿದ್ದೇನೆ, ಈ ಮಾತು ಹೇಳುವವರಲ್ಲಿ ನಾಲ್ಕು ಮಂದಿ ನಮಗಿಂತ ಹೆಚ್ಚು ಕುಡಿದಿದ್ದಾರೆ. ಸ್ವರ ಹೋದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಅವನ ಸ್ವರ ಹೋಗಲೂ ಇಲ್ಲ, ಅವನೇ ಹಾಡುವುದನ್ನು ಬಿಟ್ಟ. ಯಾಕೆ ಬಿಟ್ಟ ಎಂಬುದನ್ನು ಸರಿಯಾಗಿ ಬಲ್ಲವರು ಈ ಪೇಟೆಯಲ್ಲಿ ಇಬ್ಬರೋ ಮೂವರೋ ಇರಬೇಕು. ಅವರಲ್ಲಿ ಒಬ್ಬ ನಾನು, ಮೈಕ್ ಸೆಟ್ಟಿನ ಸುಬ್ಬಯ್ಯ. ಮದುವೆಗೆ, ನಾಟಕಕ್ಕೆ, ಓಟಿನ ಭಾಷಣಕ್ಕೆ ಮೈಕು, ಹಾರ್ನು, ಗ್ರಾಮೊಫೋನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಇದರಲ್ಲಿ ನನ್ನ ಪಾಲೂ ಉಂಟು, ಅದನ್ನು ಮುಚ್ಚಿಡಲು ನಾನು ಬರೆಯುತ್ತಿಲ್ಲ. ಇಲ್ಲಿನ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ, ನನಗೆ ಬರುವ ಕನ್ನಡದಲ್ಲಿ ಬರೆದಿದ್ದೇನೆ.

ಹುಕ್ರಪ್ಪನ ಮನೆ ವಾಮದಪದವಿನಿಂದ ಒಂದು ಮೈಲಿ ಆಚೆ. ದೈವ ಕಟ್ಟುವ ಮನೆತನ. ಅಣ್ಣ ತುಕ್ರಪ್ಪ ಕಾಲಿಗೆ ಗಗ್ಗರ ಕಟ್ಟಿ ದೈವದ ಉತ್ಸವವಾದ ನೇಮದಲ್ಲಿ ದೈವವಾಗಿ ನಿಲ್ಲುತ್ತಿದ್ದ. ತಾಯಿ ಸೇಸಮ್ಮ ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಪಾಡ್ದನ ಹೇಳುತ್ತಿದ್ದಳು. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರ ಮನೆಯಲ್ಲಿ ನೆಲೆಯಾಯಿತು ಎಂಬ ಕಥೆಯೇ ಪಾಡ್ದನ. ಕಥೆ ಮಾತ್ರವಲ್ಲ, ಅದು ಕರೆಯೂ ಹೌದು. ಹೇಳುತ್ತ ಹೋದರೆ ಕೊನೆಗೆ ಹೆಸರು ಬರುತ್ತದೆ. ಹೆಸರು ಹೇಳಿದಲ್ಲಿಗೆ ದೈವ ಬರಬೇಕು. ಬಂದ ದೈವಕ್ಕೆ ಎಳನೀರಿನ ಬೊಂಡವೋ ಅಕ್ಕಿಯೋ ಏನಾದರೂ ಕೊಟ್ಟು, ಕೈಮುಗಿದು ಕಳುಹಿಸಬೇಕು. ಕರೆದು ಬರಿಗೈಯಲ್ಲಿ ಕಳುಹಿಸುವುದು ನೆಂಟರಿಗೇ ಆಗದ ಮಾತು. ಆ ದೈವದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹುಕ್ರಪ್ಪನಿಗೆ ಗಗ್ಗರ ಕಟ್ಟುವ ಯೋಗವಿರಲಿಲ್ಲ. ಸಣ್ಣವನಿದ್ದಾಗ ಗೇರುಮರದಿಂದ ಬಿದ್ದು ಅವನ ಎಡಗಾಲು ಗಿಡ್ಡವಾಗಿತ್ತು. ಮನೆಯ ವಿದ್ಯೆ ಕಿವಿಗೆ ಮಾತ್ರ ಬಂತು, ಕಾಲಿಗೆ ಬರಲಿಲ್ಲ. ಹಾಗಾಗಿ ಅವನು ಬಂಟ್ವಾಳಕ್ಕೆ ಬಂದು ಅಬ್ದುಲ್ ಶುಕೂರ್ ಸಾಹೇಬರ ಬೀಡಿ ಬ್ರಾಂಚಿನಲ್ಲಿ ಬೀಡಿ ಕಟ್ಟಲು ಕೂತ. ಸಾಹೇಬರ ಬ್ರಾಂಚಿನಲ್ಲಿ ಒಂದು ವಿಶೇಷವಿತ್ತು. ಯಾವ ಜಾತಿಯವನಾದರೂ ಕೂರುವುದು ಒಂದೇ ಚಾಪೆಯಲ್ಲಿ. ಹುಕ್ರಪ್ಪನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವನು ಪಾಣೆಮಂಗಳೂರಿನ ಬ್ಯಾರಿ ಉಸ್ಮಾನ್. ಅವನು ಮದುವೆ ಮನೆಗಳಲ್ಲಿ ದಫ್ ಬಡಿದು ಹಾಡುವವನು, ಕೈ ಖಾಲಿಯಿದ್ದರೆ ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಬೀಡಿಯ ಸೂಪಿನ ಮೇಲೆಯೇ ಬಡಿಯುವವನು.

ಐವತ್ತಾರನೇ ಇಸವಿಯ ಮಳೆಗಾಲದಲ್ಲಿ ಯಾವುದೋ ನಾಟಕ ಕಂಪನಿ ಬಂಟ್ವಾಳದಲ್ಲಿ ಮುಳುಗಿತು. ಅದರ ಹಾರ್ಮೋನಿಯಂ ನನ್ನ ಅಂಗಡಿಗೆ ಬಂತು. ಅದರ ಎರಡು ಸ್ವರದ ಮನೆಗಳು ಊದುತ್ತಿರಲಿಲ್ಲ. ಹುಕ್ರಪ್ಪ ದಿನಾ ಸಂಜೆ ಬಂದು ಅದರ ಮುಂದೆ ಕೂರುತ್ತಿದ್ದ. ಆರು ತಿಂಗಳಲ್ಲಿ ಆ ಎರಡು ಮನೆಗಳನ್ನು ತಪ್ಪಿಸಿ ಬಾರಿಸಲು ಕಲಿತ. ಆಮೇಲೆ ನಾನು ಅವನ್ನು ರಿಪೇರಿ ಮಾಡಿಸಿ ಕೊಟ್ಟರೂ ಅವುಗಳ ಮೇಲೆ ಬೆರಳಿಡಲಿಲ್ಲ.

ಅವನು ಪದ್ಯ ಕಟ್ಟತೊಡಗಿದ್ದು ಹೀಗೆ. ಬೀಡಿ ಒಳ್ಳೆಯದಿದ್ದರೂ ಕಿತ್ತು ಬಿಸಾಡುವ ಚೆಕ್ಕರಿನ ಮೇಲೆ ಒಂದು, ಮೂಡುಬಿದಿರೆಗೆ ಹೋಗುವ ಬಸ್ಸಿನ ಮೇಲೆ ಒಂದು, ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಕಪ್ಪು ತೊಳೆಯುವವರ ಮೇಲೆ ಒಂದು. ಮಾತು ನಮ್ಮದು, ರಾಗ ಮಾತ್ರ ಎಲ್ಲಿಂದೆಲ್ಲಿಂದಲೋ. ಶುರುವಿಗೆ ತಾಯಿಯ ಪಾಡ್ದನದ ಎಳೆತ, ನಿಧಾನ. ಇವನಿಗೇನು ಮುಗಿಸುವ ಅಂದಾಜಿಲ್ಲವೇ ಎಂದು ಜನ ಗೊಣಗುವ ಹೊತ್ತಿಗೆ ಹಾರ್ಮೋನಿಯಂನಲ್ಲಿ ನಾಟಕದ ರಾಜ ಬರುವ ಮಟ್ಟು. ಅದರ ಬೆನ್ನಿಗೆ ಉಸ್ಮಾನನ ದಫ್. ಕೇಳುತ್ತಿದ್ದವರ ಕೈ ತಾನಾಗಿ ತಟ್ಟುತ್ತಿತ್ತು. ಬೆಳ್ತಂಗಡಿಯ ಸಂತೆಯಲ್ಲಿ ಒಂದು ಸಲ ಚೆಕ್ಕರಿನ ಪದ್ಯವನ್ನು ಮುಕ್ಕಾಲು ಗಂಟೆ ಎಳೆದಿದ್ದ, ಅದೇ ಪದ್ಯವನ್ನು ಮಿಜಾರಿನ ಒಂದು ಮದುವೆಯಲ್ಲಿ ಊಟಕ್ಕೆ ಎಲೆ ಹಾಕಿದ್ದು ನೋಡಿ ಐದು ನಿಮಿಷದಲ್ಲಿ ಮುಗಿಸಿದ್ದ. ಜನರ ಮುಖ ನೋಡಿ ಹಿಗ್ಗಿಸುವುದು, ಕುಗ್ಗಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಶಾಸ್ತ್ರ ಬಲ್ಲವರು ಅದನ್ನು ಕಲಬೆರಕೆ ಎಂದರು. ಹಾಲಿಗೆ ನೀರು ಬೆರೆಸುವವರಿಗೆ ಮರ್ಯಾದೆ ಕೊಡುವ ಪೇಟೆಯಲ್ಲಿ ಆ ಮಾತು ನನಗೆ ನಗು ತರಿಸಿತು.

ಅರುವತ್ತೊಂದರಲ್ಲಿ ಮದರಾಸಿನ ಒಂದು ಗ್ರಾಮೊಫೋನು ಪ್ಲೇಟು ಕಂಪನಿಯ ಏಜೆಂಟ್ ಮಂಗಳೂರಿಗೆ ಬಂದಿಳಿದ. ತುಳು ಪದ್ಯದ ಪ್ಲೇಟು ಮಾಡುವವರಿದ್ದರೆ ಬರಲಿ ಎಂದು ನಮ್ಮಂಥ ಮೈಕಿನವರಿಗೆಲ್ಲ ಹೇಳಿಕಳುಹಿಸಿದ. ನಾನು ಹುಕ್ರಪ್ಪನ ಹೆಸರು ಕೊಟ್ಟೆ. ಹುಕ್ರಪ್ಪ ಬೊಂಬಾಯಿಯ ಪದ್ಯವನ್ನು ಆರಿಸಿದ. ಊರು ಬಿಟ್ಟ ಮಗನನ್ನು ತಾಯಿ ಅಂಗಳದಲ್ಲಿ ನಿಂತು ಕರೆಯುವ ಪದ್ಯ ಅದು. 'ಗಂಜಿ ಆರಿತು, ದೀಪ ಸಣ್ಣದಾಯಿತು, ಎಲ್ಲಿದ್ದರೂ ಬಾ ಮಗನೇ' ಎಂದು ಅದರ ಮೊದಲ ಭಾಗ ಮುಗಿಯುತ್ತದೆ. ಆಮೇಲೆ ಹಾರ್ಮೋನಿಯಂ, ದಫ್, ಬೊಂಬಾಯಿಯ ಹೋಟೆಲಿನ ಗಲಾಟೆ. ಕರೆಯುವ ಭಾಗ ಅವನಿಗೆ ಎಷ್ಟು ಹಾಡಿದರೂ ಸಮಾಧಾನವಾಗಲಿಲ್ಲ.

"ಇದು ಅಮ್ಮ ಹೇಳಬೇಕು ಸುಬ್ಬಯ್ಯಣ್ಣ. ನನ್ನದು ಬರೀ ನಾಟಕ ಆಗ್ತದೆ," ಎಂದ.

ಸೇಸಮ್ಮ ಖಂಡಿತ ಆಗದು ಎಂದಳು. ನಾನೂ ಅವನೊಂದಿಗೆ ಹೋಗಿದ್ದೆ. ಅಂಗಳದಲ್ಲಿ ಚಾಪೆ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಆ ರಾಗದಲ್ಲಿ ಕರೆದರೆ ಅದು ಬರ್ತದೆ ಮಗಾ. ಮಿಷನಿನ ಒಳಗೆ ಬಂದದ್ದಕ್ಕೆ ನೀನು ಎಂತ ಕೊಡುವುದು?"

"ಹೆಸರು ಇಲ್ಲ ಅಮ್ಮ. ಹೆಸರಿನ ಜಾಗದಲ್ಲಿ 'ಮಗನೇ' ಅಂತ ಉಂಟು. ರಾಗ ಮಾತ್ರ ನಿನ್ನದು."

ಮೂರು ದಿನ ಹೀಗೆ ಎಳೆದಾಡಿ, ಕೊನೆಗೆ ತುಕ್ರಪ್ಪನೇ ತಾಯಿಯನ್ನು ಒಪ್ಪಿಸಿದ. ತಮ್ಮನಿಗೆ ಕಾಲಿಲ್ಲ, ಅವನಿಗೂ ಏನಾದರೂ ಒಂದು ಇರಲಿ ಎಂಬುದು ಅವನ ಮಾತು. ಹೆಸರು ಬಾಯಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ ಅಳಿಸಬೇಕು ಎಂದು ಸೇಸಮ್ಮ ಮಗನಿಂದ ಮಾತು ತೆಗೆದುಕೊಂಡಳು. ಹುಕ್ರಪ್ಪ ತಾಯಿಯ ಕೈಮುಟ್ಟಿ ಮಾತು ಕೊಟ್ಟ.

ಮಂಗಳೂರಿನ ಆ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಹೊದಿಸಿದ್ದರು. ಏಜೆಂಟನಿಗೆ ತುಳು ಬಾರದು. ಸೇಸಮ್ಮನಿಗೆ ಕೂರಲು ಕುರ್ಚಿ ಕೊಟ್ಟರು. ಅವಳು ಅದುವರೆಗೆ ಯಾರ ಮನೆಯಲ್ಲೂ ಕುರ್ಚಿಯಲ್ಲಿ ಕೂತವಳಲ್ಲ, ನಿಂತೇ ಹೇಳುತ್ತೇನೆ ಎಂದಳು. ಒಂದು ಬದಿಗೆ ಮೂರೂಕಾಲು ನಿಮಿಷ, ಅದರಲ್ಲಿ ಅವಳ ಪಾಲು ಒಂದು ನಿಮಿಷ. ಇಡೀ ಹಗಲು ಹಾಡುವವಳಿಗೆ ಒಂದು ನಿಮಿಷ ಎಂದರೆ ಏನು ಗೊತ್ತು? ಮೊದಲ ಸಲ ಅವಳು ನಿಲ್ಲಿಸಲೇ ಇಲ್ಲ. ಎರಡನೇ ಸಲ ಏಜೆಂಟನ ಕೈಸನ್ನೆಗೆ ಹೆದರಿ ಅರ್ಧಕ್ಕೇ ನಿಲ್ಲಿಸಿದಳು. ಮೂರನೇ ಸಲ ಕಣ್ಣು ಮುಚ್ಚಿದಳು.

ಅಂಥ ಸ್ವರವನ್ನು ನಾನು ಅದಕ್ಕಿಂತ ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ. ಮಂಗಳೂರೂ ಇಲ್ಲ, ಮೈಕೂ ಇಲ್ಲ, ಯಾರದೋ ಮಗ ನಿಜವಾಗಿಯೂ ಕಾಣೆಯಾಗಿದ್ದಾನೆ ಎನ್ನುವ ಹಾಗೆ ಕರೆದಳು. ಕೊನೆಯ ಸಾಲಿನಲ್ಲಿ, 'ಎಲ್ಲಿದ್ದರೂ ಬಾ' ಎಂದಾದ ಮೇಲೆ, ನಲುವತ್ತು ವರ್ಷದ ಅಭ್ಯಾಸ ಅವಳ ಬಾಯಿ ಮೀರಿ ಹೊರಗೆ ಬಂತು. 'ಮಗನೇ' ಎನ್ನಬೇಕಾದಲ್ಲಿ ದೈವದ ಹೆಸರು ಹೇಳಿದಳು. ಎಳೆತದ ಒಳಗೆ ಮುಳುಗಿದ ಹೆಸರು, ಆದರೂ ಹೆಸರೇ. ನನಗೆ ಕೇಳಿತು. ಉಸ್ಮಾನನಿಗೂ ಕೇಳಿತು, ಅವನ ಕೈ ದಫ್‌ನ ಮೇಲೆ ಅರೆಗಳಿಗೆ ನಿಂತಿತು. ಹುಕ್ರಪ್ಪನ ಬೆರಳು ಮಾತ್ರ ನಿಲ್ಲಲಿಲ್ಲ. ಹಾರ್ಮೋನಿಯಂ ಸರಿಯಾದ ಜಾಗಕ್ಕೆ ಬಿತ್ತು, ದಫ್ ಹಿಡಿಯಿತು, ಪದ್ಯ ಮುಗಿಯಿತು.

ಏಜೆಂಟ್ ಚಪ್ಪಾಳೆ ತಟ್ಟಿದ. ಇನ್ನೊಂದು ಸಲ ಬೇಕಾದರೆ ಈಗಲೇ ಹೇಳಿ, ಟೇಪು ಉಂಟು ಎಂದ.

"ಬೇಡ. ಇದೇ ಇರಲಿ," ಎಂದ ಹುಕ್ರಪ್ಪ.

ಸೇಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಹೆಸರು ಎಲ್ಲಿಯಾದರೂ ಬಾಯಿಗೆ ಬಂತಾ ಮಗಾ? ನನಗೆ ಗೊತ್ತಾಗಲಿಲ್ಲ."

"ಇಲ್ಲ ಅಮ್ಮ."

ನಾನೂ ಉಸ್ಮಾನನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಾಯಿ ಮಗನ ನಡುವೆ ನಮಗೇಕೆ ಎಂದು ಸುಮ್ಮನಾದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನ ಬಗ್ಗೆ ನಮ್ಮ ಹಿರಿಯರು ಗಾದೆ ಕಟ್ಟಿದಂತಿಲ್ಲ.

ಮರುವರ್ಷ ಪ್ಲೇಟು ಬಂತು. ನಾನು ಇಪ್ಪತ್ತೈದು ತರಿಸಿದೆ. ಮದುವೆ ಚಪ್ಪರದಲ್ಲಿ ಹಾಕಿದೆ, ಅಂಗಡಿ ಮುಹೂರ್ತಕ್ಕೆ ಹಾಕಿದೆ, ಬೊಂಬಾಯಿಗೆ ಹೋಗುವವರು ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡು ಹೋದರು. ಕೇಳಿದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಅಷ್ಟರಲ್ಲಿ ದಫ್ ಬಂದು ಅವರನ್ನೇ ನಗಿಸುತ್ತಿತ್ತು. ಹೆಸರು ಕೇಳಿಸಿತು ಎಂದು ಒಬ್ಬಿಬ್ಬರು ಅಂದರು, ನಿನ್ನ ಕಿವಿಯಲ್ಲಿ ಗುಗ್ಗೆ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು. ಸೇಸಮ್ಮ ಪ್ಲೇಟು ಕೇಳಲಿಲ್ಲ. ತನ್ನ ಬಾಯಿಂದ ಹೋದದ್ದು ತನ್ನ ಕಿವಿಗೆ ವಾಪಸು ಬರಬಾರದು ಎಂದಳು. ತುಕ್ರಪ್ಪನ ಮನೆಯ ಹತ್ತಿರ ಹಾರ್ನು ಕಟ್ಟುವಂಥ ಮದುವೆ ಆ ವರ್ಷ ಆಗಲಿಲ್ಲ. ಅವನೂ ಕೇಳಿರಲಿಲ್ಲ.

ವಾಮದಪದವಿನಲ್ಲಿ ಧರ್ಣಪ್ಪನ ಚಾ ಹೋಟೆಲಿತ್ತು. ಅವನಿಗೆ ಒಂದು ಕೀಲಿ ಗ್ರಾಮೊಫೋನನ್ನು ನಾನು ಬಾಡಿಗೆಗೆ ಕೊಟ್ಟಿದ್ದೆ. ಅರುವತ್ತಮೂರರ ಮಾರ್ಚಿ, ಬೆಳಿಗ್ಗೆ ಎಂಟು ಗಂಟೆ. ಅದರ ಪಿನ್ನು ಬದಲಿಸಲು ಹೋಗಿದ್ದೆ. ಹೊರಗೆ ಬಾಯ್ಲರಿನ ಪಕ್ಕದಲ್ಲಿ ತುಕ್ರಪ್ಪ ನಿಂತಿದ್ದ. ಎರಡು ದಿನ ಬಿಟ್ಟು ಊರಿನ ದೊಡ್ಡ ಮನೆಯಾದ ಗುತ್ತಿನಲ್ಲಿ ನೇಮ. ಅವನು ಆಗಲೇ ದೈವದ ಎಣ್ಣೆ ತೆಗೆದುಕೊಂಡು ವ್ರತದಲ್ಲಿದ್ದ, ಮುಖಕ್ಕೆ ಹಚ್ಚುವ ಬಣ್ಣದ ಪುಡಿ ತರಲು ಪೇಟೆಗೆ ಬಂದಿದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವನ ಜಾತಿಯವರಿಗೆ ಧರ್ಣಪ್ಪನ ಹೋಟೆಲಿನಲ್ಲಿ ಬೆಂಚಿರಲಿಲ್ಲ. ತಾಯಿಯ ಸ್ವರಕ್ಕೂ ತಮ್ಮನ ಪದ್ಯಕ್ಕೂ ಒಳಗೆ ಜಾಗವಿತ್ತು, ಇವನಿಗೆ ಮಾತ್ರ ಬಾಯ್ಲರಿನ ಪಕ್ಕದಲ್ಲಿ. ಇದನ್ನು ನಾನು ಅಂದು ಯೋಚಿಸಲಿಲ್ಲ, ಈಗ ಯೋಚಿಸುತ್ತೇನೆ, ಸಿಟ್ಟು ಬರುತ್ತದೆ. ಧರ್ಣಪ್ಪನ ಮೇಲೆ ಮಾತ್ರವಲ್ಲ, ಒಳಗೆ ಬೆಂಚಿನಲ್ಲಿ ಕೂತಿದ್ದ ನನ್ನ ಮೇಲೂ.

"ತುಕ್ರಪ್ಪಾ, ನಿನ್ನ ತಮ್ಮನ ಪ್ಲೇಟು ಕೇಳಿದ್ದೀಯಾ?" ಎಂದು ಕೇಳಿದೆ.

"ಇಲ್ಲ ಅಣ್ಣಾ. ಹಾಕಿ ನೋಡುವ," ಎಂದು ನಕ್ಕ.

ಹೊಸ ಪಿನ್ನು ಹಾಕಿ ಪ್ಲೇಟಿನ ಮೇಲೆ ಇಟ್ಟವನು ನಾನೇ.

ಸೇಸಮ್ಮನ ಸ್ವರ ಎದ್ದಾಗ ತುಕ್ರಪ್ಪ ತಲೆಬಾಗಿಸಿ ಕೇಳುತ್ತಿದ್ದ. ಹೆಸರು ಬಂದದ್ದೇ ಅವನ ಕೈಯ ಪೊಟ್ಟಣ ಬಿತ್ತು. ಹಳದಿ ಪುಡಿ ಕಾಲ ಮೇಲೆಲ್ಲ ಚೆಲ್ಲಿತು. ಬೆನ್ನು ಸೆಟೆದು, ಕುತ್ತಿಗೆ ಹಿಂದಕ್ಕೆ ಹೋಗಿ, ನಾನು ನೇಮದಲ್ಲಿ ಎಷ್ಟೋ ಸಲ ಕೇಳಿದ್ದ ಆ ಕೂಗು ಹೊರಟಿತು. ಒಳಗಿದ್ದವರು ಕೈಯಲ್ಲಿ ಗೋಳಿಬಜೆ ಹಿಡಿದಂತೆಯೇ ಎದ್ದು ನಿಂತರು. ಧರ್ಣಪ್ಪ ಕೈಮುಗಿದು ಏನು ಬೇಕು ಎಂದು ಕೇಳಿದ. ದೈವ ಏನು ಹೇಳುತ್ತಿತ್ತೋ, ಹೇಳಲು ಬಿಡಬೇಕಲ್ಲ. ಹಾರ್ಮೋನಿಯಂ ಬಂತು. ದಫ್ ಬಂತು. ತೆಂಬರೆ ಇದ್ದರೆ ಸೇಸಮ್ಮ ಮಗನ ಕಾಲು ನೋಡಿ ಬಡಿಯುತ್ತಿದ್ದಳು, ಬಂದದ್ದನ್ನು ಮೆಲ್ಲಗೆ ಇಳಿಸುತ್ತಿದ್ದಳು. ಪ್ಲೇಟು ಯಾರ ಕಾಲನ್ನೂ ನೋಡುವುದಿಲ್ಲ. ದಫ್ ಏರಿದ ಹಾಗೆ ಅವನ ಕಾಲೂ ಏರಿತು. ಅವನು ತಿರುಗಿದ, ಮತ್ತೆ ತಿರುಗಿದ. ಪಿನ್ನು ಎತ್ತಬೇಕು ಎಂದು ನನಗೆ ಹೊಳೆಯುತ್ತಿತ್ತು. ಕೈ ಬರಲಿಲ್ಲ. ನಾಲ್ಕನೇ ಸುತ್ತಿಗೆ ಅವನು ಬಾಯ್ಲರಿನ ಮೇಲೆ ಬಿದ್ದ. ಕುದಿಯುತ್ತಿದ್ದ ನೀರು ಅವನ ಮೈಮೇಲೆ ಹೋಯಿತು. ಅವನನ್ನು ಎಳೆದು ಬದಿಗೆ ಮಲಗಿಸಿದಾಗಲೂ ಒಳಗೆ ಬೊಂಬಾಯಿಯ ಹೋಟೆಲಿನ ಗಲಾಟೆ ಮುಗಿದಿರಲಿಲ್ಲ.

ಎಂಟು ದಿನ ಆಸ್ಪತ್ರೆಯಲ್ಲಿ ನರಳಿ ತುಕ್ರಪ್ಪ ಸತ್ತ.

ನೇಮ ನಿಂತಿತು. ಗುತ್ತಿನ ಯಜಮಾನರು ಮುಂಡಪ್ಪ ಶೆಟ್ಟರು ಕೆಟ್ಟವರಲ್ಲ. ಶವಕ್ಕೆ ಕಟ್ಟಿಗೆ ಕೊಟ್ಟರು, ಸೇಸಮ್ಮನ ಮನೆಗೆ ಅಕ್ಕಿ ಕಳುಹಿಸಿದರು. ಆದರೆ ಊರಿನ ಬಾಯಿ ಅವರ ಅಂಗಳಕ್ಕೂ ಬಂತು. ಸೇಸಮ್ಮ ಕಂಪನಿಗೆ ದೈವದ ಹೆಸರನ್ನು ಮಾರಿದಳು, ಅದಕ್ಕೇ ಹೀಗಾಯಿತು, ಇನ್ನು ಅವಳ ಬಾಯಿಂದ ಪಾಡ್ದನ ಹೇಳಿಸಬಾರದು ಎಂದು. ಪಾಡ್ದನ ತಪ್ಪಿದರೆ ಸೇಸಮ್ಮನಿಗೆ ಉಳಿಯುವುದೇನು? ಗಂಡ ಎಂದೋ ಹೋಗಿದ್ದ, ದೊಡ್ಡ ಮಗ ಈಗ ಹೋದ. ಶೆಟ್ಟರು ಅವಳನ್ನು ಕರೆಸಿ ಕೇಳಿದರು.

"ನಾನು ಹೆಸರು ಹೇಳಲಿಲ್ಲ ಧಣಿ," ಎಂದಳು. "ದೈವದ ಎದುರು ಅಕ್ಕಿ ಹಿಡಿದು ಪ್ರಮಾಣ ಮಾಡ್ತೇನೆ."

ಸುಳ್ಳು ಪ್ರಮಾಣ ಮಾಡಿದವರ ಸಂತಾನ ಉಳಿಯುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪ್ಲೇಟು ತಂದು ಕೇಳಿದರೆ ಆಯಿತಲ್ಲ ಎಂದು ಯಾರೋ ಅಂದರು. ಅದನ್ನು ಈ ಅಂಗಳಕ್ಕೆ ತರಬೇಡಿ ಎಂದು ಶೆಟ್ಟರು ಗದರಿದರು. ಪ್ರಮಾಣಕ್ಕೆ ಶುಕ್ರವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು.

ಅಲ್ಲಿಯವರೆಗಿನ ನಾಲ್ಕು ದಿನ ಹುಕ್ರಪ್ಪ ಬೀಡಿ ಬ್ರಾಂಚಿಗೆ ಬರಲಿಲ್ಲ. ನಾನೂ ಉಸ್ಮಾನನೂ ಅವನ ಮನೆಗೆ ಹೋದೆವು. ಗೋಡೆಗೆ ಒರಗಿ ಕೂತಿದ್ದ.

"ಹೇಳಿಬಿಡು ಮಾರಾಯ," ಎಂದ ಉಸ್ಮಾನ್. "ತಾಯಿಯ ಕೈಯಲ್ಲಿ ಸುಳ್ಳು ಆಣೆ ಮಾಡಿಸಬೇಡ."

"ಹೇಳಿದರೆ ಅಣ್ಣನನ್ನು ಕೊಂದದ್ದು ಅಮ್ಮನ ಸ್ವರ ಅಂತ ಆಗ್ತದೆ. ಹೇಳದಿದ್ದರೆ ಆಣೆ ಸುಳ್ಳಾಗ್ತದೆ. ನೀವು ಎಂತ ಮಾಡ್ತಿದ್ರಿ ಸುಬ್ಬಯ್ಯಣ್ಣ?"

ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ನಾನು ಎದ್ದೆ.

ಶುಕ್ರವಾರ ದೈವಸ್ಥಾನದ ಎದುರು ಜನ ಸೇರಿತು. ಉಸ್ಮಾನ್ ಕಟ್ಟೆಯ ಹೊರಗೆ ನಿಂತ. ಸೇಸಮ್ಮ ಮಿಂದು ಒದ್ದೆ ಸೀರೆಯಲ್ಲಿ ಬಂದಳು. ಶೆಟ್ಟರು ಬಾಳೆಲೆಯಲ್ಲಿ ಅಕ್ಕಿ ಮುಂದಿಟ್ಟರು. ಅವಳು ಒಂದು ಮುಷ್ಟಿ ತೆಗೆದುಕೊಂಡು ಎದೆಗೆ ಹಿಡಿದು, ಬಾಯಿ ತೆರೆದಳು.

"ಅಮ್ಮಾ, ಬೇಡ," ಎಂದ ಹುಕ್ರಪ್ಪ. ಗಿಡ್ಡ ಕಾಲನ್ನು ಎಳೆಯುತ್ತ ಮುಂದೆ ಬಂದು ಅವಳ ಕೈಹಿಡಿದ. "ಹೆಸರು ಬಂದಿತ್ತು. ನನಗೆ ಕೇಳಿತ್ತು. ನಾನು ಸುಳ್ಳು ಹೇಳಿದ್ದು."

ಸೇಸಮ್ಮ ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಎಲೆಗೆ ಹಾಕಿದಳು.

"ಯಾಕೆ ಮಗಾ?"

"ಚಂದ ಆಗಿತ್ತು ಅಮ್ಮ. ನೀನು ಯಾವತ್ತೂ ಅಷ್ಟು ಚಂದ ಹೇಳಿದ್ದಿಲ್ಲ. ಇನ್ನೊಮ್ಮೆ ಹೇಳಿಸಿದರೆ ಅದು ಬರ್ತಿರಲಿಲ್ಲ."

ಯಾರೋ ಛೀ ಎಂದರು. ಅವಳು ಆ ಕಡೆ ನೋಡಲಿಲ್ಲ. ಜನರಲ್ಲಿ ನನ್ನನ್ನು ಹುಡುಕಿ ಕೇಳಿದಳು, "ಸುಬ್ಬಯ್ಯಣ್ಣಾ, ಅದನ್ನು ಇಲ್ಲಿಯವರೆಗೆ ಎಷ್ಟು ಸಲ ಹಾಕಿದ್ದೀರಿ?"

ನಾನು ಹೇಗೆ ಹೇಳಲಿ? ಒಂದು ಮದುವೆಯಲ್ಲೇ ಹತ್ತು ಸಲ ಹಾಕುತ್ತಿದ್ದೆ. "ಸಾವಿರ ಆಗಿರಬಹುದು ಅಮ್ಮ. ಹೆಚ್ಚೂ ಇರಬಹುದು," ಎಂದೆ.

"ಸಾವಿರ ಸಲ ಕರೆದಿದ್ದೇನೆ. ಸಾವಿರ ಸಲವೂ ಅದು ಬಂದಿರ್ತದೆ. ಯಾರೂ ಒಂದು ಬೊಂಡ ಕೊಡಲಿಲ್ಲ," ಎಂದಳು. "ಕಡೆಗೆ ಅದೇ ತೆಗೆದುಕೊಂಡಿತು."

ಅವಳು ಅಳಲಿಲ್ಲ. ಅಳುತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು. ಶೆಟ್ಟರು ತಲೆ ತಗ್ಗಿಸಿ, ಊರಿನ ಪ್ಲೇಟುಗಳನ್ನೆಲ್ಲ ಒಟ್ಟುಮಾಡಿ ನೇತ್ರಾವತಿಗೆ ಹಾಕಿ ಎಂದು ನನಗೆ ಅಪ್ಪಣೆ ಕೊಟ್ಟರು. ಹದಿನಾಲ್ಕು ಸಿಕ್ಕಿದವು. ಪಾಣೆಮಂಗಳೂರಿನ ಸೇತುವೆಯ ಮೇಲಿಂದ ಅವನ್ನು ಒಂದೊಂದಾಗಿ ಬಿಟ್ಟೆವು. ಉಳಿದವು ಬೊಂಬಾಯಿಯಲ್ಲಿ, ಮದರಾಸಿನಲ್ಲಿ, ಯಾರ ಯಾರ ಟ್ರಂಕಿನಲ್ಲೋ.

ಸೇಸಮ್ಮ ಮತ್ತೆ ಪಾಡ್ದನ ಹೇಳಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಅವಳೇ ಹೇಳಲಿಲ್ಲ. ಆದರೆ ಮರುದಿನದಿಂದ ಬೆಳಿಗ್ಗೆ ಅಂಗಳದಲ್ಲಿ ಬಾಳೆಲೆ ಹಾಸಿ, ಒಂದು ಹಿಡಿ ಅಕ್ಕಿ, ಒಂದು ಬೊಂಡ ಇಟ್ಟು ಕೈಮುಗಿಯತೊಡಗಿದಳು. ಇವತ್ತೂ ಎಲ್ಲಾದರೂ ಯಾರಾದರೂ ಪ್ಲೇಟು ಹಾಕಿರುತ್ತಾರೆ, ನನ್ನ ಸ್ವರಕ್ಕೆ ಅದು ಬಂದಿರುತ್ತದೆ, ಬರಿಗೈಯಲ್ಲಿ ಹೋಗಬಾರದು ಎಂಬುದು ಅವಳ ಲೆಕ್ಕ. ಮಗನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಅಡುಗೆ ಮಾಡಿ ಬಡಿಸಿದಳು, ಜ್ವರ ಬಂದರೆ ಕಷಾಯ ಕೊಟ್ಟಳು. ನಾಲ್ಕು ವರ್ಷ ಹೀಗೆ ನಡೆಸಿ, ಅರುವತ್ತೇಳರ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡಳು.

ಹುಕ್ರಪ್ಪ ಹಾರ್ಮೋನಿಯಂ ನನಗೇ ವಾಪಸು ಕೊಟ್ಟಿದ್ದ. ಬೀಡಿ ಕಟ್ಟುತ್ತಾನೆ, ಬಾಯಿ ಬಿಡುವುದು ಕಡಿಮೆ. ಉಸ್ಮಾನ್ ಪಕ್ಕದಲ್ಲಿ ಕೂರುತ್ತಾನೆ, ಸೂಪಿನ ಮೇಲೆ ಬಡಿಯುವುದಿಲ್ಲ.

ಕಳೆದ ತಿಂಗಳು ಅವನ ಮನೆ ಕಡೆ ಹೋಗಿದ್ದೆ. ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಅವನು ಬಾಳೆಲೆಯ ಮೇಲೆ ಬೊಂಡ ಇಟ್ಟು, ಕುಕ್ಕರಗಾಲಲ್ಲಿ ಕೂರಲಾಗದೆ ಒಂದು ಕಾಲು ಚಾಚಿ ಕೂತಿದ್ದ. ಮರ ಹತ್ತಲಾಗದವನು ದಿನಕ್ಕೊಂದು ಬೊಂಡವನ್ನು ಬೀಡಿಯ ಮಜೂರಿಯಲ್ಲಿ ಕೊಂಡು ತರುತ್ತಾನೆ. ನೋಡಲಾಗದೆ, "ಅಮ್ಮ ಹೋಗಿ ಎರಡು ವರ್ಷ ಆಯಿತು ಹುಕ್ರಪ್ಪ. ಇನ್ನೆಷ್ಟು ದಿನ ಇದು?" ಎಂದು ಕೇಳಿದೆ.

"ಅಮ್ಮ ಹೋದರೂ ಅಮ್ಮನ ಕರೆ ಹೋಗಲಿಲ್ಲ ಅಲ್ವಾ ಸುಬ್ಬಯ್ಯಣ್ಣ," ಎಂದ. "ಎಲ್ಲ ಪ್ಲೇಟು ಒಡೆದ ದಿವಸ ನಿಲ್ಲಿಸ್ತೇನೆ. ಇನ್ನು ಎಷ್ಟು ಉಳಿದಿದೆ, ನಿಮಗೆ ಗೊತ್ತುಂಟಾ?"

ಗೊತ್ತಿಲ್ಲ ಎಂದೆ. ಹದಿನಾಲ್ಕನ್ನು ಹೊಳೆಗೆ ಹಾಕಿದ ದಿನ ಹದಿನೈದನೆಯದನ್ನು ನಾನು ಅಂಗಿಯ ಒಳಗೆ ಅಡಗಿಸಿ ತಂದಿದ್ದೆ. ಅದು ನನ್ನ ಪೆಟ್ಟಿಗೆಯಲ್ಲಿ ಉಂಟು. ಒಡೆಯಬೇಕು ಎಂದು ಎಷ್ಟೋ ಸಲ ಹೊರಗೆ ತೆಗೆದಿದ್ದೇನೆ. ತೆಗೆದಾಗಲೆಲ್ಲ ಬಾಗಿಲು ಹಾಕಿಕೊಂಡು, ಒಂದು ಸಲ ಕೇಳಿ, ಮತ್ತೆ ಒಳಗಿಟ್ಟಿದ್ದೇನೆ.